ಕಾಣಲಿಲ್ಲ ಎಂದ ಮಾತ್ರಕ್ಕೆ

"ಏನ್ ಮೇಡಂ, ಕಾಣಲ್ವಾ?"

ಆತ ಕೇಳಿದ್ದು ಇಷ್ಟೇ. ಬಯ್ಯಲಿಲ್ಲ, ಕೈ ಎತ್ತಲಿಲ್ಲ. ಸ್ಕೂಟರನ್ನು ರಸ್ತೆಯ ಅಂಚಿನ ಮಣ್ಣಿಗೆ ಇಳಿಸಿ, ಎರಡೂ ಕಾಲು ನೆಲಕ್ಕೆ ಊರಿ ನಿಂತಿದ್ದ. ಹಿಂದೆ ಹೆಂಡತಿ, ಇಬ್ಬರ ನಡುವೆ ನಾಲ್ಕೈದು ವರ್ಷದ ಮಗು. ಏನಾಯಿತೆಂದು ಮಗುವಿಗೆ ಗೊತ್ತಾಗಿರಲಿಲ್ಲ. ಅದು ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ತಲೆಯಾಡಿಸುತ್ತಿದ್ದ ಗೊಂಬೆಯನ್ನು ನೋಡುತ್ತಿತ್ತು. ಆ ಹೆಂಗಸು ಮಾತ್ರ ನನ್ನನ್ನೇ ನೋಡುತ್ತಿದ್ದಳು. ನಾನು ಗಾಜು ಇಳಿಸಿ, "ಸಾರಿ ಸರ್, ಕಾಣಲಿಲ್ಲ" ಅಂದೆ.

ಹೇಳಿದ್ದು ಸುಳ್ಳಲ್ಲ. ಮೈಸೂರಿನ ರಿಂಗ್ ರೋಡಿನಲ್ಲಿ ಬಲಗಡೆಯ ಲೇನಿನಲ್ಲಿದ್ದೆ. ಮುಂದೆ ಬೋಗಾದಿ ಕಡೆಗೆ ಎಡಕ್ಕೆ ತಿರುಗಬೇಕಿತ್ತು. ಒಳಗನ್ನಡಿ ನೋಡಿದೆ, ಎಡಗನ್ನಡಿ ನೋಡಿದೆ, ಎರಡರಲ್ಲೂ ಖಾಲಿ ರಸ್ತೆ. ಇಂಡಿಕೇಟರ್ ಹಾಕಿ ಎಡಕ್ಕೆ ಸರಿದೆ. ಆಗ ಕಿವಿಯ ಪಕ್ಕದಲ್ಲೇ ಎಂಬಂತೆ ಹಾರ್ನ್ ಕೇಳಿಸಿತು, ಬ್ರೇಕ್ ತುಳಿದೆ. ಅಷ್ಟರಲ್ಲಿ ಸ್ಕೂಟರಿನವನು ಡಾಂಬರು ಬಿಟ್ಟು ಕೆಳಗಿಳಿದಿದ್ದ. ಅವನಿಗೆ ಗಾಡಿಯ ಮೇಲೆ ಹಿಡಿತವಿತ್ತು, ಅಲ್ಲಿ ಮೋರಿ ಇರಲಿಲ್ಲ, ಮಣ್ಣು ಒಣಗಿತ್ತು. ಈ ಮೂರರಲ್ಲಿ ಒಂದೂ ನನ್ನ ಪುಣ್ಯದಿಂದ ಆದದ್ದಲ್ಲ.

ಅಷ್ಟರಲ್ಲಿ ಹಿಂದಿನಿಂದ ಬಂದ ಕಾರಿನವನೊಬ್ಬ ವೇಗ ತಗ್ಗಿಸಿ, "ಹೆಣ್ಮಕ್ಕಳ ಕೈಗೆ ಗಾಡಿ ಕೊಟ್ರೆ ಹಿಂಗೇ" ಎಂದು ಕೂಗಿಕೊಂಡು ಹೋದ. ನನಗೆ ಮೈಯೆಲ್ಲ ಉರಿಯಿತು. ಮನೆ ತಲುಪುವವರೆಗೂ ಆ ಮನುಷ್ಯನಿಗೆ ಮನಸ್ಸಿನಲ್ಲೇ ಉತ್ತರ ಕೊಡುತ್ತಿದ್ದೆ. ಒಳ್ಳೊಳ್ಳೆಯ ಉತ್ತರಗಳು. ರಾತ್ರಿ ಮಲಗಿದಾಗ ತಿಳಿಯಿತು, ಅವನು ನನಗೆ ದೊಡ್ಡ ಉಪಕಾರ ಮಾಡಿದ್ದ. ನನಗೆ ಆದ ಅನ್ಯಾಯವೊಂದನ್ನು ಕೈಗಿತ್ತು, ನಾನು ಮಾಡಿದ ಅನ್ಯಾಯದಿಂದ ಬಿಡಿಸಿದ್ದ. ಅವನ ಮಾತು ತಪ್ಪು ಎನ್ನುವುದರಲ್ಲಿ ನನಗೆ ಈಗಲೂ ಸಂಶಯವಿಲ್ಲ. ಆದರೆ ಅವನು ತಪ್ಪು ಎಂಬುದರಿಂದ ನಾನು ಸರಿ ಎಂದಾಗುವುದಿಲ್ಲವಲ್ಲ.

ಇದಕ್ಕಿಂತ ನಾಚಿಕೆಯ ಸಂಗತಿ ಇನ್ನೊಂದಿದೆ. ನಾನು ಪಿಎಚ್.ಡಿ. ಮಾಡುತ್ತಿರುವುದೇ ಈ ವಿಷಯದ ಮೇಲೆ. ಭಾರತೀಯ ದರ್ಶನಗಳಲ್ಲಿ 'ಅನುಪಲಬ್ಧಿ', ಅಂದರೆ ಕಾಣದಿರುವುದು. ನಾಲ್ಕು ವರ್ಷದಿಂದ ಗ್ರಂಥಾಲಯದಲ್ಲಿ ಕೂತು "ಕಾಣಲಿಲ್ಲ" ಎಂಬ ಮಾತಿನಿಂದ "ಇಲ್ಲ" ಎಂಬ ಮಾತಿಗೆ ಯಾವಾಗ ದಾಟಬಹುದು ಎಂದು ಟಿಪ್ಪಣಿ ಬರೆಯುತ್ತಿದ್ದವಳು, ರಿಂಗ್ ರೋಡಿನಲ್ಲಿ ಅರೆಕ್ಷಣದಲ್ಲಿ, ಒಂದೂ ಪ್ರಶ್ನೆ ಕೇಳಿಕೊಳ್ಳದೆ ದಾಟಿಬಿಟ್ಟಿದ್ದೆ.

ಚರ್ಚೆ ಹಳೆಯದು. ಮೇಜಿನ ಮೇಲೆ ಮಡಕೆ ಇಲ್ಲ ಎಂದು ನನಗೆ ಹೇಗೆ ಗೊತ್ತು? ಇರುವ ಮಡಕೆಯನ್ನು ಕಣ್ಣು ತೋರಿಸುತ್ತದೆ. ಇಲ್ಲದ ಮಡಕೆಯನ್ನು ತೋರಿಸುವುದು ಯಾವುದು? ಏಳನೆಯ ಶತಮಾನದ ಕುಮಾರಿಲ ಭಟ್ಟ, ಇದಕ್ಕೆ ಬೇರೆಯದೇ ಪ್ರಮಾಣ ಬೇಕು ಎಂದ. ಅದ್ವೈತಿಗಳೂ ಒಪ್ಪಿದರು. ನೈಯಾಯಿಕರು, ಬೇರೆ ಪ್ರಮಾಣವೇನೂ ಬೇಡ, ಪ್ರತ್ಯಕ್ಷವೇ ಸಾಕು ಎಂದರು. ಈ ಜಗಳದ ವಿವರ ನನ್ನ ಪ್ರಬಂಧದ ಎರಡು ಅಧ್ಯಾಯಗಳನ್ನು ತಿಂದಿದೆ, ಇಲ್ಲಿ ಬೇಡ. ಬೇಕಾದದ್ದು ಎಲ್ಲರೂ ಹೆಚ್ಚುಕಡಿಮೆ ಒಪ್ಪುವ ಒಂದು ಷರತ್ತು. ಮಡಕೆ ಕಾಣದಿದ್ದರೆ ಸಾಲದು. ಅದು ಅಲ್ಲಿ ಇದ್ದಿದ್ದರೆ ಖಂಡಿತ ಕಾಣುತ್ತಿತ್ತು ಎಂಬಂತಿರಬೇಕು. ಬೆಳಕಿರಬೇಕು, ಕಣ್ಣು ನೆಟ್ಟಗಿರಬೇಕು, ಅಡ್ಡ ಏನೂ ಇರಬಾರದು. ಹೀಗೆ ಕಾಣಲು ತಕ್ಕ ಸ್ಥಿತಿಯಲ್ಲಿ ಕಾಣದಿರುವುದನ್ನು 'ಯೋಗ್ಯಾನುಪಲಬ್ಧಿ' ಎನ್ನುತ್ತಾರೆ. ಹದಿನೇಳನೆಯ ಶತಮಾನದ 'ವೇದಾಂತ ಪರಿಭಾಷೆ' ಇದನ್ನು ವಿವರಿಸಲು ಕತ್ತಲೆಯ ಉದಾಹರಣೆ ಕೊಡುತ್ತದೆ. ಕತ್ತಲ ಕೋಣೆಯಲ್ಲಿ ಮಡಕೆ ಕಾಣಲಿಲ್ಲವೆಂದರೆ ನಿನಗೆ ಗೊತ್ತಾದದ್ದು ಕತ್ತಲೆ, ಮಡಕೆಯ ವಿಷಯ ಅಲ್ಲ.

ಬೌದ್ಧ ತಾರ್ಕಿಕ ಧರ್ಮಕೀರ್ತಿಯ ಉದಾಹರಣೆ ಇನ್ನೂ ಮಜವಾಗಿದೆ: ಪಿಶಾಚಿ. ಪಿಶಾಚಿ ಸ್ವಭಾವತಃ ಕಣ್ಣಿಗೆ ಬೀಳುವಂಥದ್ದಲ್ಲ. ಹಾಗಾಗಿ ಅದು ಕಾಣಲಿಲ್ಲ ಎಂಬುದರಿಂದ ಇಲ್ಲ ಎಂದು ಸಿದ್ಧವಾಗುವುದಿಲ್ಲ. ಹೆಚ್ಚೆಂದರೆ ಸಂಶಯ ಉಳಿಯುತ್ತದೆ. ನಾನು ಲೇನ್ ಬದಲಿಸಿದ ಆ ಎರಡು ಸೆಕೆಂಡಿನ ಮಟ್ಟಿಗೆ ಸ್ಕೂಟರಿನ ಮೇಲಿದ್ದ ಮೂವರೂ ನನ್ನ ಪಾಲಿಗೆ ಪಿಶಾಚಿಗಳು. ನನ್ನಲ್ಲಿ ಉಳಿಯಬೇಕಾಗಿದ್ದದ್ದು ಸಂಶಯ, ಇದ್ದದ್ದು ನಿಶ್ಚಯ. ಉದಯನಾಚಾರ್ಯನಂತೂ 'ನ್ಯಾಯಕುಸುಮಾಂಜಲಿ'ಯಲ್ಲಿ ಚಾರ್ವಾಕನನ್ನು ಚೆನ್ನಾಗಿ ಆಡಿಕೊಳ್ಳುತ್ತಾನೆ. ಕಾಣದ್ದೆಲ್ಲ ಇಲ್ಲ ಎನ್ನುವುದಾದರೆ, ಪಾಪದ ಚಾರ್ವಾಕ ಮನೆಯಿಂದ ಹೊರಬಿದ್ದ ಕೂಡಲೇ ಹೆಂಡತಿ ಮಕ್ಕಳು ಇಲ್ಲವಾದರೆಂದು ಎದೆ ಬಡಿದುಕೊಂಡು ಅಳಬೇಕು, ಮನೆಗೆ ಮರಳಲೇಬಾರದು. ಸೆಮಿನಾರುಗಳಲ್ಲಿ ಇದನ್ನು ಹೇಳಿ ನಗಿಸುತ್ತಿದ್ದೆ. ಬೇರೊಬ್ಬರ ಹೆಂಡತಿ ಮಕ್ಕಳನ್ನು ಇಲ್ಲವೆಂದುಕೊಂಡು ಸ್ಟಿಯರಿಂಗ್ ತಿರುಗಿಸಿದ ಮೇಲೆ ನಗು ಬರುವುದು ಕಡಿಮೆಯಾಗಿದೆ.

ಈಗ ಕನ್ನಡಿಯ ವಿಷಯ. ನನಗೆ ಕಾರು ಕಲಿಸಿದ್ದು ಸೋದರಮಾವ. ಇಪ್ಪತ್ತು ವರ್ಷಕ್ಕೂ ಹೆಚ್ಚು ಲಾರಿ ಓಡಿಸಿದ ಮನುಷ್ಯ, ಈಗ ಒಂದು ಹಳೆಯ ಕಾರು ಇಟ್ಟುಕೊಂಡಿದ್ದಾರೆ. ಅವರ ಮೊದಲ ಪಾಠ: "ಮಿರರ್‌ನಲ್ಲಿ ನಮ್ಮ ಗಾಡಿ ಮೈ ಕಾಣ್ತಿರ್ಬೇಕು ಕಣವ್ವ. ಕಾಣ್ಲಿಲ್ಲ ಅಂದ್ರೆ ನೀನೆಲ್ಲಿದ್ದೀಯ ಅಂತ್ಲೇ ಗೊತ್ತಾಗಲ್ಲ." ನಾನು ಹಾಗೆಯೇ ಇಟ್ಟುಕೊಂಡಿದ್ದೆ. ಎಡಗನ್ನಡಿಯ ಕಾಲುಭಾಗದಲ್ಲಿ ನಮ್ಮದೇ ಕಾರಿನ ಹಿಂಬಾಗಿಲು, ಅದರ ಹಿಡಿ, ಮಾವ ಎಂದೋ ಗೇಟಿಗೆ ಉಜ್ಜಿ ಮಾಡಿದ ಗೀರು. ಉಳಿದ ಭಾಗದಲ್ಲಿ ಹಿಂದಿನ ರಸ್ತೆ. ಆ ಹಿಂದಿನ ರಸ್ತೆಯ ಬಹುಪಾಲು ಒಳಗನ್ನಡಿಯಲ್ಲಿ ಮೊದಲೇ ಕಾಣುತ್ತಿತ್ತು. ಮೂರು ಕನ್ನಡಿಗಳಿಂದ ಒಂದೇ ದೃಶ್ಯವನ್ನು ಮೂರು ಸಲ ನೋಡಿ, ಮೂರು ಸಾಕ್ಷಿ ಸಿಕ್ಕಿತೆಂದು ನಂಬುತ್ತಿದ್ದೆ. ಒಬ್ಬನೇ ಸಾಕ್ಷಿ ಮೂರು ಸಲ ಅದನ್ನೇ ಹೇಳಿದರೆ ಅದು ಮೂರು ಸಾಕ್ಷಿಯಾಗುವುದಿಲ್ಲ.

ಮಾವನ ಪಾಠ ಲಾರಿಗೆ ಸರಿಯಾದದ್ದೇ. ಉದ್ದನೆಯ ಗಾಡಿಯ ಹಿಂದಿನ ಚಕ್ರ ಎಲ್ಲಿ ಹೋಗುತ್ತಿದೆ, ತಿರುವಿನಲ್ಲಿ ಯಾವುದಕ್ಕೆ ತಾಗುತ್ತದೆ ಎಂದು ನೋಡಲು ಮೈ ಕಾಣಲೇಬೇಕು. ಕಾರಿಗೆ ಅದು ಹೊಂದುವುದಿಲ್ಲ. 1995ರಲ್ಲಿ ಅಮೆರಿಕದ ಎಂಜಿನಿಯರ್ ಜಾರ್ಜ್ ಪ್ಲಾಟ್ಜರ್ ಎಂಬಾತ ಕಾರಿನ ಕನ್ನಡಿಗಳ ರೇಖಾಗಣಿತದ ಬಗ್ಗೆ ಒಂದು ಲೇಖನ ಬರೆದ. ಕುರುಡು ಜಾಗ ಏಕಾಗುತ್ತದೆ, ಅದನ್ನು ಕುಗ್ಗಿಸುವುದು ಹೇಗೆ ಎಂಬುದು ಅದರ ವಿಷಯ. ಅವನ ಉಪಾಯವನ್ನು ನಮ್ಮ ಬಲಬದಿಯ ಸ್ಟಿಯರಿಂಗಿಗೆ ಹೊಂದಿಸಿ ಹೇಳುವುದಾದರೆ ಹೀಗೆ. ತಲೆಯನ್ನು ಬಲಗಡೆಯ ಕಿಟಕಿ ಗಾಜಿಗೆ ತಾಗಿಸಿ, ಅಲ್ಲಿಂದ ನೋಡಿದಾಗ ಕಾರಿನ ಮೈ ಅಂಚಿನಲ್ಲಿ ಕಂಡೂ ಕಾಣದಂತೆ ಬಲಗನ್ನಡಿಯನ್ನು ಹೊರಕ್ಕೆ ತಿರುಗಿಸಬೇಕು. ಆಮೇಲೆ ಕಾರಿನ ನಡುಮಧ್ಯಕ್ಕೆ, ಒಳಗನ್ನಡಿಯ ನೇರಕ್ಕೆ ವಾಲಿ, ಎಡಗನ್ನಡಿಯನ್ನೂ ಹಾಗೆಯೇ ಮಾಡಬೇಕು. ನೆಟ್ಟಗೆ ಕೂತಾಗ ಪಕ್ಕದ ಕನ್ನಡಿಗಳಲ್ಲಿ ನಮ್ಮ ಕಾರು ಕಾಣುವುದೇ ಇಲ್ಲ. ಹಿಂದಿನಿಂದ ಬರುವ ಗಾಡಿ ಒಳಗನ್ನಡಿಯಿಂದ ಜಾರುತ್ತಿದ್ದಂತೆ ಪಕ್ಕದ ಕನ್ನಡಿಗೆ ಬರುತ್ತದೆ, ಅಲ್ಲಿಂದ ಜಾರುವಾಗ ನಮ್ಮ ಕಣ್ಣಂಚಿಗೆ ಬರುತ್ತದೆ. ಕೈಯಿಂದ ಕೈಗೆ ಮಗುವನ್ನು ದಾಟಿಸಿದ ಹಾಗೆ.

ಹಾಗೆ ಇಟ್ಟುಕೊಂಡ ಮೊದಲ ವಾರ ನನಗಾದದ್ದು ಕಸಿವಿಸಿ. ಕನ್ನಡಿಯಲ್ಲಿ ನಾನೇ ಇಲ್ಲ! ಬರೀ ಬೇರೆಯವರು, ಬೇರೆ ಗಾಡಿಗಳು, ಬೇಲಿ, ನಾಯಿ. ನಮ್ಮ ಬಾಗಿಲಿನ ಒಂದು ಚೂರು ಕಂಡರೆ ಎಷ್ಟು ಧೈರ್ಯ ಬರುತ್ತಿತ್ತೆಂದು ಅದು ಹೋದ ಮೇಲೆ ಗೊತ್ತಾಯಿತು. ಕಾರಿನ ಬಾಗಿಲು ಎಲ್ಲಿಗೂ ಓಡಿಹೋಗುವುದಿಲ್ಲ. ಅದನ್ನು ನೋಡುತ್ತ ಕೂರುವುದಕ್ಕೆ ಕನ್ನಡಿಯ ಕಾಲುಭಾಗವನ್ನು ಕೊಟ್ಟಿದ್ದೆ, ಸ್ಕೂಟರಿನವನ ಪಾಲಿನ ಕಾಲುಭಾಗವನ್ನು.

ಇಷ್ಟಾದರೂ ಕುರುಡು ಜಾಗ ಪೂರ್ತಿ ಹೋಗುವುದಿಲ್ಲ. ದ್ವಿಚಕ್ರ ವಾಹನವೊಂದು ಅಡಗುವಷ್ಟು ಜಾಗ ಎಲ್ಲಿಂದಲೋ ಹುಟ್ಟುತ್ತದೆ. ಎಡಗನ್ನಡಿ ಉಬ್ಬುಗನ್ನಡಿಯಾಗಿದ್ದರೆ ಹೆಚ್ಚು ಅಗಲ ತೋರಿಸುತ್ತದೆ, ಆದರೆ ಎಲ್ಲವನ್ನೂ ಚಿಕ್ಕದಾಗಿಸಿ ದೂರವಿದೆ ಎನ್ನಿಸುತ್ತದೆ. ಅದಕ್ಕೇ ಅದರ ಕೆಳಗೆ ಇಂಗ್ಲಿಷಿನಲ್ಲಿ, ಇಲ್ಲಿನ ವಸ್ತುಗಳು ತೋರುವುದಕ್ಕಿಂತ ಹತ್ತಿರದಲ್ಲಿವೆ ಎಂದು ಬರೆದಿರುತ್ತಾರೆ. ಎಷ್ಟು ಪ್ರಾಮಾಣಿಕ ಕನ್ನಡಿ! ತೋರಿಸಿದ್ದರಲ್ಲಿ ಏನು ತಪ್ಪಿದೆ ಎಂದು ತಾನೇ ಹೇಳಿಕೊಳ್ಳುತ್ತದೆ. ತೋರಿಸದೆ ಬಿಟ್ಟದ್ದರ ಬಗ್ಗೆ ಮಾತ್ರ ಅದಕ್ಕೂ ಬಾಯಿಲ್ಲ. ಕೊನೆಗೆ ಕತ್ತು ತಿರುಗಿಸಿ ಭುಜದ ಮೇಲಿಂದ ಒಮ್ಮೆ ನೋಡಲೇಬೇಕು.

ಘಟನೆಯನ್ನು ಮಾವನಿಗೆ ಹೇಳಿದಾಗ ಅವರು, "ಏನೂ ಆಗ್ಲಿಲ್ವಲ್ಲ, ಬಿಡವ್ವ" ಅಂದರು. ಅಮ್ಮನೂ ಅದನ್ನೇ ಅಂದಳು, ದೇವರಿಗೆ ಒಂದು ತುಪ್ಪದ ದೀಪ ಹಚ್ಚಿ. ಈ "ಏನೂ ಆಗಲಿಲ್ಲ" ಎಂಬುದು ನನ್ನನ್ನು ಬಹಳ ಕಾಡಿತು. ಇಂಗ್ಲೆಂಡಿನ ಗಣಿತಜ್ಞ ವಿಲಿಯಂ ಕ್ಲಿಫರ್ಡ್ 1877ರಲ್ಲಿ ಬರೆದ ಒಂದು ಪ್ರಬಂಧದಲ್ಲಿ ಹಡಗಿನ ಮಾಲೀಕನೊಬ್ಬ ಬರುತ್ತಾನೆ. ಹಡಗು ಹಳತು, ರಿಪೇರಿ ಬೇಕು ಎಂಬ ಸಂಶಯ ಅವನಿಗಿತ್ತು. ಇಷ್ಟು ಯಾತ್ರೆ ಮುಗಿಸಿದ ಹಡಗಿಗೆ ಏನಾಗುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಜನರನ್ನು ಹತ್ತಿಸಿ ಕಳಿಸಿದ. ಹಡಗು ಮುಳುಗಿತು, ಅವನು ವಿಮೆಯ ಹಣ ಪಡೆದ. ಇಲ್ಲಿಯವರೆಗೆ ಕಥೆ ಸುಲಭ. ಕ್ಲಿಫರ್ಡ್ ಆಮೇಲೆ ಕಥೆಯನ್ನು ಬದಲಿಸುತ್ತಾನೆ: ಹಡಗು ಮುಳುಗಲಿಲ್ಲ ಎಂದಿಟ್ಟುಕೊಳ್ಳಿ, ಸುರಕ್ಷಿತವಾಗಿ ದಡ ಸೇರಿತು. ಆಗ ಅವನ ತಪ್ಪು ಕಡಿಮೆಯಾಯಿತೇ? ಎಳ್ಳಷ್ಟೂ ಇಲ್ಲ ಎನ್ನುತ್ತಾನೆ. ಅವನ ತಪ್ಪು ಮುಳುಗಿದ್ದರಲ್ಲಿ ಇಲ್ಲ. ಹಾಗೆ ನಂಬುವ ಹಕ್ಕು ಅವನಿಗಿರಲಿಲ್ಲ ಎಂಬುದರಲ್ಲಿದೆ.

ಓದಿದಾಗ ಒಪ್ಪಿದ್ದೆ. ಸ್ಟಿಯರಿಂಗ್ ಹಿಡಿದು ಯೋಚಿಸಿದರೆ ಅಷ್ಟು ಸಲೀಸಾಗಿ ಒಪ್ಪಲು ಆಗುತ್ತಿಲ್ಲ. ಕ್ಲಿಫರ್ಡನ ಮಾಲೀಕ ದಡದಲ್ಲಿ ನಿಂತಿದ್ದ, ಅವನಿಗೆ ಸಮಯವಿತ್ತು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುವ ಕಾರು ಒಂದು ಸೆಕೆಂಡಿಗೆ ಹದಿನಾರು ಮೀಟರಿಗಿಂತ ಹೆಚ್ಚು ಸಾಗುತ್ತದೆ. ಒಂದು ಸೆಕೆಂಡು ಹಿಂದೆ ನೋಡಿದರೆ ಆ ಹದಿನಾರು ಮೀಟರ್ ಮುಂದೆ ನೋಡದೆ ಹೋದಂತೆ. ನೋಡುವ ಪ್ರತಿ ನೋಟವೂ ಇನ್ನೊಂದನ್ನು ನೋಡದಿರುವ ನೋಟವೇ. ಮೇಲಾಗಿ ನಮ್ಮಲ್ಲಿ ಲೇನ್ ಎಂಬುದು ರಸ್ತೆಯ ಮೇಲೆ ಬಿಡಿಸಿದ ರಂಗೋಲಿ. ಯಾರು ಯಾವ ದಿಕ್ಕಿನಿಂದ ಬರಬಹುದೆಂದು ಊಹಿಸಲು ಸಾಧ್ಯವಿಲ್ಲ. ಎಲ್ಲ ಸಂಶಯಗಳೂ ತೀರಿದ ಮೇಲೆಯೇ ಹೊರಡುತ್ತೇನೆಂದರೆ ಕಾರು ಶೆಡ್ಡಿನಲ್ಲೇ ಇರಬೇಕಾಗುತ್ತದೆ. ಹಾಗಾಗಿ ನನ್ನ ಮಟ್ಟಿಗೆ ನಾನು ಇಷ್ಟಕ್ಕೆ ಇಳಿಸಿಕೊಂಡಿದ್ದೇನೆ. ಎಲ್ಲವನ್ನೂ ಕಾಣುವ ಹೊಣೆ ನನಗಿಲ್ಲ. ಎಲ್ಲಿ ಕಾಣುವುದಿಲ್ಲ ಎಂದು ತಿಳಿದಿರುವ ಹೊಣೆ ಇದೆ. ಕಾರಿನ ಎಡಹಿಂಬದಿಯಲ್ಲಿ ಒಂದು ಕತ್ತಲ ಕೋಣೆಯಿದೆ ಎಂಬುದು ಗುಟ್ಟೇನೂ ಅಲ್ಲ, ಅದನ್ನು ಬೆಳಗಲು ಬೇಕಾದದ್ದು ಕತ್ತಿನ ಒಂದು ತಿರುವು. ಅಷ್ಟನ್ನು ಮಾಡಿಯೂ ಕಾಣದಿದ್ದರೆ ಮಾತ್ರ "ಕಾಣಲಿಲ್ಲ" ಒಂದು ಉತ್ತರ. ಮಾಡದೆ ಹೇಳಿದರೆ, ಅದು ನಾನೇ ಕೊಡುವ ತಪ್ಪೊಪ್ಪಿಗೆ.

ನಮ್ಮ ರಸ್ತೆಗಳು ಈ ಹೊಣೆಯನ್ನು ಬಹಳ ಹಿಂದೆಯೇ ಬೇರೆಯವರ ತಲೆಗೆ ಕಟ್ಟಿವೆ. ಲಾರಿಗಳ ಹಿಂದೆ "ಸೌಂಡ್ ಹಾರ್ನ್" ಎಂದು ಬರೆದಿರುತ್ತದಲ್ಲ, ಅದರ ಅರ್ಥವೇನು? ನಾನು ನೋಡುವುದಿಲ್ಲ, ನೀನಿದ್ದೀಯ ಎಂದು ನೀನೇ ಸಾರಿ ಹೇಳು. ಒಂದು ಕಾಲಕ್ಕೆ ಅಗ್ಗದ ಕಾರುಗಳಿಗೆ ಎಡಗನ್ನಡಿಯೇ ಇರುತ್ತಿರಲಿಲ್ಲ, ಬೇಕಾದವರು ಅಂಗಡಿಯಲ್ಲಿ ಹಾಕಿಸಿಕೊಳ್ಳುತ್ತಿದ್ದರು. ಇವತ್ತಿಗೂ ಪೇಟೆಬೀದಿಯಲ್ಲಿ ತಾಗುತ್ತದೆಂದು ಕನ್ನಡಿ ಮಡಚಿಕೊಂಡು ಓಡಿಸುವವರಿದ್ದಾರೆ, ಚೆಂದಕ್ಕೆಂದು ಬೈಕಿನ ಕನ್ನಡಿ ಬಿಚ್ಚಿಟ್ಟವರಿದ್ದಾರೆ. ಕಾಣಿಸಿಕೊಳ್ಳುವ ಕೆಲಸ ಚಿಕ್ಕ ಗಾಡಿಯವನದು, ನೋಡದಿರುವ ಸ್ವಾತಂತ್ರ್ಯ ದೊಡ್ಡ ಗಾಡಿಯವನದು. ಸ್ಕೂಟರಿನವನು ಹಾರ್ನ್ ಹೊಡೆಯದಿದ್ದರೆ? ನಾನೂ ಬಹುಶಃ "ಹಾರ್ನ್ ಆದ್ರೂ ಮಾಡ್ಬೇಕಲ್ವಾ" ಎನ್ನುತ್ತಿದ್ದೆ.

ಇದನ್ನೆಲ್ಲ ಯೋಚಿಸುತ್ತಿದ್ದಾಗ ಬೇರೊಂದು ಮಾತು ನೆನಪಾಯಿತು. ನೆನಪಾಗದಿದ್ದರೆ ಚೆನ್ನಾಗಿತ್ತು. ಹಿಂದಿನ ವರ್ಷ ನಮ್ಮ ಸಂಶೋಧನಾ ವಿದ್ಯಾರ್ಥಿಗಳ ಒಂದು ಸಭೆಯಲ್ಲಿ ನನಗಿಂತ ಕಿರಿಯಳೊಬ್ಬಳು ಎದ್ದು ನಿಂತು, ಇಲ್ಲಿ ಜಾತಿ ನೋಡಿ ಮಾತಿನ ಧಾಟಿ ಬದಲಾಗುತ್ತದೆ ಎಂದಿದ್ದಳು. ನಾನು ಒಳ್ಳೆಯ ಮನಸ್ಸಿನಿಂದಲೇ, ವಿಭಾಗದ ಮರ್ಯಾದೆ ಉಳಿಸುವವಳಂತೆ, "ನಾಲ್ಕು ವರ್ಷದಿಂದ ಇಲ್ಲಿದ್ದೀನಿ, ನಾನಂತೂ ಅಂಥದ್ದು ನೋಡಿಲ್ಲ" ಎಂದಿದ್ದೆ. ಸುಳ್ಳಲ್ಲ. ನೋಡಿರಲಿಲ್ಲ. ಅವಳು ಸುಮ್ಮನೆ ಕೂತುಬಿಟ್ಟಳು. ಅನುಪಲಬ್ಧಿಯ ಮೇಲೆ ಪ್ರಬಂಧ ಬರೆಯುವವಳು ತುಂಬಿದ ಸಭೆಯಲ್ಲಿ ಮಂಡಿಸಿದ್ದು ಅನುಪಲಬ್ಧಿಯ ವಾದವನ್ನೇ, ಷರತ್ತನ್ನು ಬಿಟ್ಟು. ಅದು ಇದ್ದಿದ್ದರೆ ನನಗೆ ಕಾಣುವಂತಿತ್ತೇ? ನನ್ನ ಪೂರ್ತಿ ಹೆಸರನ್ನು ಯಾರೂ ಎರಡನೆಯ ಸಲ ಕೇಳಿದ್ದಿಲ್ಲ. ನಾನು ಕೂತಿದ್ದ ಜಾಗದ ಕನ್ನಡಿಗಳಲ್ಲಿ ನನ್ನದೇ ಬಾಗಿಲು ಕಾಣುತ್ತಿತ್ತು.

ಸ್ಕೂಟರಿನ ಘಟನೆಯಾಗಿ ಹತ್ತು ಹನ್ನೆರಡು ದಿನದ ಮೇಲೆ ಅವಳನ್ನು ಕ್ಯಾಂಟೀನಿನಲ್ಲಿ ಹುಡುಕಿಕೊಂಡು ಹೋದೆ. ಕ್ಷಮೆ ಕೇಳುವ ನಾಟಕ ಬೇಡವೆನ್ನಿಸಿ, ಅವತ್ತು ಏನು ಹೇಳಲಿಕ್ಕಿತ್ತು ಎಂದಷ್ಟೇ ಕೇಳಿದೆ. ಟೀ ಆರುವವರೆಗೂ ಸುಮ್ಮನಿದ್ದವಳು ಮೂರು ಸಂಗತಿ ಹೇಳಿದಳು. ಅವು ಅವಳವು, ಇಲ್ಲಿ ಬರೆಯುವ ಅಧಿಕಾರ ನನಗಿಲ್ಲ. ಇಷ್ಟು ಹೇಳಬಹುದು: ಮೂರನೆಯದು ನಡೆದಾಗ ಆ ಕೋಣೆಯಲ್ಲಿ ನಾನೂ ಇದ್ದೆ.

ರಸ್ತೆಯಲ್ಲಾದರೆ ಕತ್ತು ತಿರುಗಿಸಿದರೆ ಆಯಿತು. ಇಲ್ಲಿ ಕಣ್ಣೆದುರೇ ಇದ್ದದ್ದು ಕಾಣಲಿಲ್ಲ. ಎಷ್ಟು ತಿರುಗಿಸಿದ್ದರೂ ಕಾಣುತ್ತಿತ್ತೋ ಇಲ್ಲವೋ. ಅಂಥಲ್ಲಿ ಅಲ್ಲಿ ಇರುವವರೇ ಹೇಳಬೇಕು, ನಾವು ಕೇಳಬೇಕು. ನಮ್ಮ ಪ್ರಮಾಣಶಾಸ್ತ್ರಗಳಲ್ಲಿ ಶಬ್ದವೂ ಒಂದು ಪ್ರಮಾಣ, ನಂಬಲು ಅರ್ಹರಾದವರ ಮಾತು. ಲಾರಿ ಬಸ್ಸುಗಳ ಜನಕ್ಕೆ ಇದು ನಮಗಿಂತ ಚೆನ್ನಾಗಿ ಗೊತ್ತು. ಬಸ್ಸಿನ ಡ್ರೈವರ್ ತನ್ನ ಕನ್ನಡಿಯೊಂದನ್ನೇ ನಂಬಿ ಹೊರಡುವುದಿಲ್ಲ, ಕಂಡಕ್ಟರ್ "ರೈಟ್" ಅನ್ನಬೇಕು, ಇಲ್ಲವೇ ಸೀಟಿ ಊದಬೇಕು. ಲಾರಿಯಲ್ಲಿ ಕ್ಲೀನರ್ ಹುಡುಗ ಎಡಗಡೆ ಕೂತು, ತಲೆ ಹೊರಗೆ ಹಾಕಿ, ಬಾಗಿಲು ಬಡಿದು ಹೇಳುತ್ತಿದ್ದ. ಮಾವನ ಲಾರಿಯಲ್ಲಿ ಒಬ್ಬ ಇದ್ದನಂತೆ. ಸಂಬಳ ಕಡಿಮೆ, ಬೈಗುಳ ಜಾಸ್ತಿ. ಆದರೂ ಅವನು "ಹೋಲ್ಡಾನ್" ಅಂದರೆ ಮಾವ ಎರಡನೆಯ ಮಾತಿಲ್ಲದೆ ಬ್ರೇಕ್ ಹಾಕುತ್ತಿದ್ದರಂತೆ. "ಅವ್ನಿಗೆ ಕಾಣೋದು ನಂಗೆಲ್ಲಿ ಕಾಣುತ್ತೆ?" ಎಂದು ಮಾವ ಈಗಲೂ ಅನ್ನುತ್ತಾರೆ. ಲಾರಿಯ ವಿಷಯ ಮಾತ್ರ. ಬೇರೆ ವಿಷಯಗಳಲ್ಲಿ ಆ ಹುಡುಗನ ಮಾತನ್ನು ಎಷ್ಟು ಕೇಳಿದರೋ ನಾನು ವಿಚಾರಿಸಿಲ್ಲ.

ಮಾವನ ಕತ್ತಿನ ಮೂಳೆ ಸವೆದಿದೆ. ಈಗ ಎಡಕ್ಕೆ ತಿರುಗಿಸಲು ಆಗುವುದಿಲ್ಲ. ಕಾರನ್ನು ಮಾತ್ರ ಬಿಟ್ಟುಕೊಡುತ್ತಿಲ್ಲ. ಬಿಡಿಸಬೇಕೋ ಬೇಡವೋ ಎಂಬ ಜಗಳ ಮನೆಯಲ್ಲಿ ನಡೆದೇ ಇದೆ, ನಾನು ಬಿಡಿಸಬೇಕು ಎನ್ನುವ ಪಕ್ಷ. ಕಳೆದ ಭಾನುವಾರ ಮಂಡ್ಯಕ್ಕೆ ಹೋಗಬೇಕಿತ್ತು. ಹೊಸ ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್‌ನಿಂದ ಬೈಕು, ಆಟೋಗಳಿಗೆ ಪ್ರವೇಶವಿಲ್ಲ, ಅವೆಲ್ಲ ಪಕ್ಕದ ಸರ್ವಿಸ್ ರೋಡಿನಲ್ಲಿ. ಮುಖ್ಯ ಪಥದಲ್ಲಿ ಹೋಗುವವರಿಗೆ ಅವರು ಕಾಣುವ ಅಗತ್ಯವೇ ಇಲ್ಲ. ಶ್ರೀರಂಗಪಟ್ಟಣದಲ್ಲಿ ನೆಂಟರೊಬ್ಬರನ್ನು ಹತ್ತಿಸಿಕೊಳ್ಳಬೇಕಿದ್ದರಿಂದ ನಾವೂ ಕೆಳಗಿನ ರಸ್ತೆಯಲ್ಲೇ ಹೋದೆವು, ಸ್ಕೂಟರು, ಕಬ್ಬಿನ ಟ್ರ್ಯಾಕ್ಟರುಗಳ ನಡುವೆ. ಒಂದು ಕಡೆ ಎಡಕ್ಕೆ ಸರಿಯಬೇಕಾಯಿತು. ಮಾವ ಕನ್ನಡಿ ನೋಡಿದರು, ಕತ್ತು ತಿರುಗಿಸಲು ನೋಡಿ, ಆಗದೆ, ಮುಂದೆಯೇ ನೋಡುತ್ತ ಕೇಳಿದರು:

"ಎಡಕ್ಕೆ ನೋಡವ್ವ."

ಗಾಜು ಇಳಿಸಿ ತಲೆ ಹೊರಗೆ ಹಾಕಿದೆ. ಹಾಲಿನ ಕ್ಯಾನು ನೇತುಹಾಕಿಕೊಂಡ ಮೊಪೆಡ್ ಒಂದು ಹಿಂಬಾಗಿಲಿಗೆ ಅಂಟಿಕೊಂಡಂತೆ ಬರುತ್ತಿತ್ತು. ಕನ್ನಡಿಯಲ್ಲಿ ಅದಿರಲಿಲ್ಲ.

"ತಡಿ ಮಾವ, ಒಂದು ಗಾಡಿ ಐತೆ."

ಮಾವ ಕಾದರು. ಮೊಪೆಡ್ ನಮ್ಮನ್ನು ದಾಟಿ ಮುಂದೆ ಹೋಯಿತು. ಓಡಿಸುತ್ತಿದ್ದವರು ನಮ್ಮ ಕಡೆ ನೋಡಲೂ ಇಲ್ಲ.

"ಹ್ಞೂಂ, ರೈಟ್" ಅಂದೆ.